ಗೋವಿಂದರಾಯರು ವೀಳ್ಯ ಹಿಡಿದದ್ದು

ಗೋವಿಂದರಾಯರ ತಲೆ ಯಾಕೆ ಅಲ್ಲಾಡುತ್ತದೆ ಎಂಬ ಬಗ್ಗೆ ಇಂಡಿ ಊರಿನ ಅವರ ಓಣಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಕುತ್ತಿಗೆಯ ನರ ಸಡಿಲಾಗಿದೆ ಎನ್ನುವವರು ಕೆಲವರು. ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಅದೇ ರೂಢಿಯಾಗಿ ಹೋಗಿದೆ ಎನ್ನುವವರು ಉಳಿದವರು. ನಿಜಸಂಗತಿ ಬೇರೆಯೇ ಇತ್ತು. ಐವತ್ನಾಲ್ಕು ವರ್ಷ ವಯಸ್ಸಿನ, ನಿಂಬೆ ಸಸಿಗಳ ನರ್ಸರಿಯಲ್ಲಿ ಮ್ಯಾನೇಜರಾಗಿದ್ದ, ಏಕಾದಶಿ ಬಂದರೆ ನೀರನ್ನೂ ಅಳೆದು ಕುಡಿಯುತ್ತಿದ್ದ ಗೋವಿಂದರಾಯರಿಗೆ ಹಿಪ್ ಹಾಪ್ ಸಂಗೀತದ ಹುಚ್ಚು ಹಿಡಿದಿತ್ತು.

ಹಿಡಿಸಿದವನು ಮೊಬೈಲ್ ಅಂಗಡಿಯ ತಬ್ರೇಜ. ಎರಡು ವರ್ಷದ ಹಿಂದೆ ರಾಯರು ಫೋನ್ ರಿಪೇರಿಗೆ ಕೊಟ್ಟಾಗ, ಸರಿಯಾಯಿತೋ ಇಲ್ಲವೋ ನೋಡಲೆಂದು ಅವನು ಅವರ ಕಿವಿಗೆ ದೊಡ್ಡ ಹೆಡ್‌ಫೋನ್ ಇಟ್ಟು ಯಾವುದೋ ಹಾಡು ಹಚ್ಚಿದ. ಡುಂ ಎಂದು ಒಂದು ಪೆಟ್ಟು ಎದೆಗೆ ಬಿತ್ತು. ಅದರ ಬೆನ್ನಿಗೇ ತಕ್ ಎಂದು ಇನ್ನೊಂದು. ಅದರ ಮೇಲೆ ಯಾರೋ ಒಬ್ಬ ಉಸಿರು ಬಿಡದೆ ಮಾತಾಡಲು ಹತ್ತಿದ.

"ಯಾರದಪಾ ಇದು?" ಎಂದು ರಾಯರು ಅರ್ಧ ತಾಸಿನ ಮೇಲೆ ಕೇಳಿದರು.

"ಅಮೆರಿಕಾದ್ದ್ರಿ ಸಾಹೇಬ್ರ. ನಾ ಹುಟ್ಟೂಕಿಂತ ಮೊದಲಿಂದು. ಹೊಸಾವೂ ಬರ್ತಾವು, ಮುಂಬಯಿದು, ಬೆಂಗಳೂರಿಂದು, ನಮ್ಮ ಕನ್ನಡದ್ದೂ ಅದಾವು."

ಆ ಹೆಡ್‌ಫೋನ್ ಆಮೇಲೆ ಅಂಗಡಿಗೆ ವಾಪಸು ಹೋಗಲಿಲ್ಲ. ಸಸಿಗಳಿಗೆ ಕಸಿ ಕಟ್ಟಿದ ತಾರೀಖು ಬರೆಯುವ ಉದ್ದನೆಯ ಬುಕ್ಕಿನಲ್ಲಿ ರಾಯರು ನಡುವೆ ಗೆರೆ ಎಳೆದು, ಎಡಗಡೆ 'ಹಳೇದು', ಬಲಗಡೆ 'ಹೊಸದು' ಎಂದು ಬರೆದರು. ಕೇಳಿದ ಪ್ರತಿ ಹಾಡಿಗೂ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಹಾಕಿದರು. ಹಳೆಯವುಗಳ ತಳ ಗಟ್ಟಿ, ಹೊಸವುಗಳ ಓಟ ಚಲೋ ಎಂಬುದು ಅವರ ತೀರ್ಮಾನ. ಒಂಬತ್ತೂವರೆಯ ಮೇಲೆ ಯಾರಿಗೂ ಕೊಟ್ಟಿರಲಿಲ್ಲ. ಇಂಥ ವಿಷಯದಲ್ಲಿ ಕೈ ಬಿಗಿ ಇರಬೇಕು ಎನ್ನುತ್ತಿದ್ದರು, ಯಾರೂ ಕೇಳದಿದ್ದರೂ.

ಮನೆಯಲ್ಲಿ ಹೆಂಡತಿ ಸುಮೇಧಾ ಮೊದಮೊದಲು ಎರಡೆರಡು ಸಲ ಕರೆಯುತ್ತಿದ್ದಳು, ಆಮೇಲೆ ಭುಜ ಅಲ್ಲಾಡಿಸಿ ಕರೆಯುವುದನ್ನು ಕಲಿತಳು. ಮೂರು ತಿಂಗಳಿಂದ ಮನೆಯಲ್ಲಿ ಇನ್ನೊಬ್ಬರು ಸೇರಿದ್ದರು. ರಾಯರ ಸೋದರತ್ತೆ ಅಂಬುಬಾಯಿ, ವಯಸ್ಸು ಎಪ್ಪತ್ತೆಂಟು. ಗಂಡನ ಮೇಲೆ ಸಿಟ್ಟಾಗಿ, ಒಂದು ಟ್ರಂಕು ಮತ್ತು ಎಲೆ-ಅಡಿಕೆ ಕುಟ್ಟಿಕೊಳ್ಳುವ ಹಿತ್ತಾಳೆಯ ಕುಟ್ಟಾಣಿ ಹಿಡಿದುಕೊಂಡು ಸಿಂದಗಿಯಿಂದ ಬಸ್ಸು ಹತ್ತಿ ಬಂದವರು ಹೋಗಿರಲಿಲ್ಲ. ಆದದ್ದು ಇಷ್ಟೇ. ಅವರ ಗಂಡ, ನಿವೃತ್ತ ಹೆಡ್‌ಮಾಸ್ತರ ಶ್ರೀವಲ್ಲಭರಾಯರು, ಊಟಕ್ಕೆ ಬಂದ ನಾಲ್ಕು ಮಂದಿಯೆದುರು ಹುಳಿಯನ್ನು ಸೊರ್ರೆಂದು ಹೀರಿ, "ಇವತ್ತ ನಮ್ಮ ಅವ್ವನ ಕೈರುಚಿಗೆ ಹತ್ರ ಬಂತು ನೋಡ್ರಿ" ಎಂದಿದ್ದರು. ಮದುವೆಯಾಗಿ ಅರವತ್ತು ವರ್ಷವಾಗಿತ್ತು.

ದಿನಾ ಸಂಜೆ ಅಂಬುಬಾಯಿ ಪಡಸಾಲೆಯ ಕಂಬಕ್ಕೆ ಆತುಕೊಂಡು ಕುಳಿತು, ಬಾಯಲ್ಲಿ ಹಲ್ಲಿಲ್ಲದ್ದರಿಂದ ಎಲೆ-ಅಡಿಕೆಯನ್ನು ಟಣ್ ಟಣ್ ಎಂದು ಕುಟ್ಟುತ್ತ, ಅರವತ್ತು ವರ್ಷದ್ದನ್ನು ಮೊದಲಿನಿಂದ ಹೇಳುತ್ತಿದ್ದರು. ಸುಮೇಧಾ ಕಾಯಿಪಲ್ಲೆ ಸೋಸುತ್ತ ಕೇಳುತ್ತಿದ್ದಳು. ಗೋವಿಂದರಾಯರು ಅಲ್ಲೇ ಎದುರಿಗೆ ಕುಳಿತಿರುತ್ತಿದ್ದರು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು.

ಇನ್ನು ಗೊಂದಲ ಶುರುವಾದ ದಿನಕ್ಕೆ ಬರಬೇಕು.

ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ರಾಯರು ತಬ್ರೇಜನಿಗೆ ಹಿಪ್ ಹಾಪಿನ ಇತಿಹಾಸ ಹೇಳುತ್ತಿದ್ದರು. ಕಿವಿ ಮುಚ್ಚಿದ್ದರಿಂದ ತಮ್ಮ ದನಿ ಎಷ್ಟು ದೊಡ್ಡದಾಗಿದೆ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಬಸ್ಸಿನ ಕಂಡಕ್ಟರನಿಗೂ ಕೇಳುತ್ತಿತ್ತು.

"ಹಳೇ ಪದಾ ಮುನ್ನೂರಾ ಹನ್ನೊಂದು, ಹೊಸಾವು ನೂರಾ ಎಂಬತ್ತು. ಎಲ್ಲಾ ನನ್ನ ಕಡೆ ಅವ. ಇಬ್ಬರು ಎದುರಾಬದುರಾ ನಿಲ್ತಾರ. ಮಾತಿಗೆ ಮಾತು, ಪದಕ್ಕ ಪದ. ಬಾಯಿ ಕಟ್ಟಿದಾಂವ ಸೋತಾಂವ. ಇದರಾಗ ನಂದು ಎರಡು ವರ್ಷದ ತಪಸ್ಸು."

ಹಿಂದಿನ ಬೆಂಚಿನ ಮೇಲೆ ಕುಳಿತು ಚಹಾ ಆರಿಸಿಕೊಳ್ಳುತ್ತಿದ್ದ ಹಲಸಂಗಿಯ ಬಸಂತರಾಯನ ಕೈ ಅಲ್ಲೇ ನಿಂತಿತು. ಅವನು ಹರದೇಶಿ ಮೇಳದ ಮುಖ್ಯಸ್ಥ; ಡಪ್ಪು ಬಾರಿಸುವವನು, ಹಾಡುವವನಲ್ಲ. ಈ ಸೀಮೆಯಲ್ಲಿ ಗೀಗೀ ಪದದ ಮೇಳಗಳಲ್ಲಿ ಎರಡು ಪಕ್ಷ. ಗಂಡೇ ದೊಡ್ಡವನು ಎಂದು ಹಾಡುವವರು ಹರದೇಶಿ, ಹೆಣ್ಣೇ ದೊಡ್ಡವಳು ಎಂದು ಹಾಡುವವರು ನಾಗೇಶಿ. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಹನ್ನೆರಡು ದಿನಕ್ಕೆ ಹೂವಿನ ಹಿಪ್ಪರಗಿಯ ನಾಗೇಶಿ ರೇವವ್ವನ ಜೊತೆ ಪಂದ್ಯ ಗೊತ್ತಾಗಿತ್ತು. ಆದರೆ ಮೇಳದ ಹಾಡುಗಾರನಿಗೆ ಸೊಲ್ಲಾಪುರದ ದವಾಖಾನೆಯಲ್ಲಿ ಗಂಟಲು ಕೊಯ್ದು ಹೊಲಿದಿದ್ದರು. ಆರು ತಿಂಗಳು ಮಾತಾಡಕೂಡದು. ಬಸಂತರಾಯ ಹತ್ತು ದಿನದಿಂದ ಊರೂರು ತಿರುಗಿ ಹಾಡುಗಾರನನ್ನು ಹುಡುಕುತ್ತಿದ್ದ. ರೇವವ್ವನ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ಕೆಮ್ಮು ಬರುತ್ತಿತ್ತು.

ಅವನು ಎದ್ದು ಬಂದು ಕೈ ಮುಗಿದ. "ರಾಯರ, ಮುಂದಿನ ಐತವಾರದ ಆಚಿ ಐತವಾರ ನಮ್ಮ ಹಲಸಂಗಿಗೆ ಬರ್ತೀರೇನ್ರಿ? ಗೀಗೀ ಪದ ಐತಿ. ನಿಮ್ಮಂಥೋರು ಬೇಕಾಗಿತ್ತು."

ರಾಯರು ಒಂದು ಕಿವಿ ತೆರೆದರು. "ನನ್ನಂಥೋರು" ಎಂಬ ಮಾತು ಒಳಗೆ ಹೋಯಿತು. ಎರಡು ವರ್ಷದಲ್ಲಿ ಅವರ ರಸಿಕತನವನ್ನು ಗುರುತಿಸಿದ ಮೊದಲ ಮನುಷ್ಯ ಇವನು.

"ಯಾಕಾಗವಲ್ದು. ಬರೋಣಂತ," ಎಂದರು.

ಮರುದಿನ ಮುಂಜಾನೆ ಬಸಂತರಾಯ ಇಬ್ಬರನ್ನು ಕರೆದುಕೊಂಡು ಮನೆಗೆ ಬಂದ. ಕೈಯಲ್ಲಿ ತಾಟು. ತಾಟಿನಲ್ಲಿ ಐದು ವೀಳ್ಯದೆಲೆ, ಐದು ಅಡಿಕೆ, ಒಂದು ತೆಂಗಿನಕಾಯಿ. ರಾಯರು ಒಳಗೆ ಹೋಗಿ ಶಾಲು ಹೊದ್ದುಕೊಂಡು ಬಂದು ಎರಡೂ ಕೈಯಿಂದ ತಾಟು ಹಿಡಿದು, ಕಣ್ಣಿಗೆ ಒತ್ತಿಕೊಂಡು, "ಕಲ್ಯಾಣ ಆಗಲಿ" ಎಂದರು. ಬಂದವರ ಮುಖ ಅರಳಿತು. ಒಬ್ಬನಂತೂ ಕಣ್ಣೊರೆಸಿಕೊಂಡ. ಗೌರವ ಕೊಡುವಾಗ ಕಣ್ಣೀರು ಯಾಕೆ ಬರಬೇಕು ಎಂದು ರಾಯರಿಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೆ ಹಳ್ಳಿಯ ಜನ, ಮನಸ್ಸು ಮೆತ್ತಗೆ ಎಂದು ಸುಮ್ಮನಾದರು.

ಇಲ್ಲಿ ಯಾರದೂ ತಪ್ಪಿಲ್ಲ ಎಂಬುದನ್ನು ಓದುವವರು ಗಮನಿಸಬೇಕು. ರಾಯರ ಮನೆತನದಲ್ಲಿ ಎಲೆ-ಅಡಿಕೆ, ತೆಂಗಿನಕಾಯಿ ಕೊಟ್ಟರೆ ಅದು ಮರ್ಯಾದೆ; ಇಸಕೊಂಡು ಹರಸಿದರೆ ಲೆಕ್ಕ ಮುಗಿಯಿತು. ಬಸಂತರಾಯನ ಮೇಳದಲ್ಲಿ ಅದೇ ತಾಟು ಹಿಡಿದರೆ ಹಾಡಲು ಒಪ್ಪಿದ ಹಾಗೆ, ಲೆಕ್ಕ ಶುರುವಾಗುವುದೇ ಅಲ್ಲಿಂದ.

"ಯಾಕ ಕೊಟ್ರು?" ಎಂದು ಸುಮೇಧಾ ಕೇಳಿದಳು.

"ರಸಿಕರಿಗೆ ಕೊಡೋದು ಇರ್ತದ. ಸ್ಟೇಜ್ ಮ್ಯಾಲೆ ಕೂಡಸ್ತಾರ ಕಾಣಸ್ತದ."

"ಎಲಿ ಎಳೇವ ಅವ," ಎಂದು ಅಂಬುಬಾಯಿ ತಾಟಿಗೆ ಕೈ ಹಾಕಿದರು. ಆ ಸಂಜೆಯೇ ಐದೂ ಎಲೆ ಕುಟ್ಟಾಣಿಗೆ ಹೋದವು.

ನಾಲ್ಕನೆಯ ದಿನ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದಿತು. ಎಡಗಡೆ ಹಣೆಗೆ ಕಾಸಿನಗಲ ಕುಂಕುಮ ಹಚ್ಚಿಕೊಂಡ ರೇವವ್ವ. ಬಲಗಡೆ ಹೆಡ್‌ಫೋನ್ ಹಾಕಿಕೊಂಡ ಗೋವಿಂದರಾಯರು. ನಡುವೆ ಮಿಂಚು. ಕೆಳಗೆ, 'ಯಾರ ಬಾಯಿ ಕಟ್ಟುತ್ತದೆ? ಬನ್ನಿ, ನೋಡಿ.'

"ಅಲ್ರೀ," ಸುಮೇಧಾ ಫ್ಲೆಕ್ಸನ್ನು ಬಹಳ ಹೊತ್ತು ನೋಡಿದಳು. "ಅತಿಥಿಗಳ ನಡುವ ಮಿಂಚ ಯಾಕ ಹೊಡದದ?"

"ಡಿಸೈನ ಅದು. ಈಗೆಲ್ಲಾ ಕಂಪ್ಯೂಟರನ್ಯಾಗ ತಾನ ಬರ್ತದ."

"ನಿಮಗ ತಾನ ಬರ್ತದಲ್ಲ ತಿಳುವಳಿಕಿ, ಹಂಗ ಕಾಣಸ್ತದ," ಎಂದು ಸುಮೇಧಾ ಚೀಲ ಎತ್ತಿಕೊಂಡಳು.

ಫೋಟೋ ಊರು ದಾಟಿ ಹೋಯಿತು. ಮುದ್ದೇಬಿಹಾಳದಿಂದ ಕಾಕಾನ ಮಗ ಪಾರ್ಥ ಫೋನ್ ಮಾಡಿ, "ದಾದಾ, ಕಿವಿಗೆ ಏನ ಆಗ್ಯದ? ಇಷ್ಟು ದೊಡ್ಡ ಮಶೀನ ಹಚ್ಚ್ಯಾರಲ್ಲ, ಪೂರಾ ಕೇಳಸಂಗಿಲ್ಲೇನು?" ಎಂದು ಕೇಳಿದ. ಬಸವನ ಬಾಗೇವಾಡಿಯಿಂದ ಮಾವಶಿಯೊಬ್ಬರು ಬಸ್ಸಿನ ಡ್ರೈವರನ ಕೈಯಲ್ಲಿ ಜ್ಯೇಷ್ಠಮಧು ಕಟ್ಟಿ ಕಳಿಸಿದರು, ಗಂಟಲಿಗೆ. ಗಂಟಲಿಗೆ ಯಾಕೆ ಎಂದು ರಾಯರಿಗೆ ತಿಳಿಯಲಿಲ್ಲ. ಬಂದದ್ದನ್ನು ಬಿಡಬಾರದು ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಸಿಂದಗಿಯಿಂದ ಸ್ವತಃ ಶ್ರೀವಲ್ಲಭರಾಯರು ಮಾತಾಡಿದರು.

"ಗೋವಿಂದಾ, ನಮ್ಮ ಮನೆತನದಾಗ ಯಾರೂ ಸ್ಟೇಜ್ ಮ್ಯಾಲೆ ನಿಂತು ಹೆಣಮಕ್ಕಳ ಜೋಡಿ ವಾದಾ ಮಾಡಿಲ್ಲ."

"ಮಾಮಾ, ನಾ ಬರೇ ಕೂಡ್ಲಿಕ್ಕೆ ಹೊಂಟೀನಿ."

"ನಾ ಖುದ್ದ ಬಂದು ನೋಡ್ತೀನಿ." ದನಿ ಇಳಿಯಿತು. "ಅಕಿ ಹ್ಯಾಂಗಿದ್ದಾಳ?"

"ಯಾರು ಮಾಮಾ?"

"ಯಾರೂ ಇಲ್ಲ. ಇಡು ಫೋನ."

ರಾಯರಿಗೆ ಸಂಗತಿ ತಿಳಿದದ್ದು ಹವಾಲ್ದಾರ ಮಾನಪ್ಪನಿಂದ. ಮೈಕಿನ ಪರವಾನಗಿಯ ಕಾಗದ ಹಿಡಿದುಕೊಂಡು ಅವನು ನರ್ಸರಿಗೆ ಬಂದ.

"ಇಲ್ಲೊಂದು ಸಹಿ ಮಾಡ್ರಿ. ಮಧ್ಯಾಹ್ನ ಮೂರರಿಂದ ಆರರ ತನಕ ಪರವಾನಗಿ. ಯಾರ ಸೋತರೂ ಗಲಾಟಿ ಮಾಡಂಗಿಲ್ಲ ಅಂತ ಹಾಡೋರಿಬ್ರೂ ಬರದು ಕೊಡಬೇಕು."

"ಹಾಡೋರು ಕೊಡಲಿ. ನಾ ಯಾಕ?"

ಮಾನಪ್ಪ ಕಾಗದ ತಿರುಗಿಸಿ ತೋರಿಸಿದ. ಹಾಡುವವರ ಹೆಸರು: ಒಂದು, ರೇವವ್ವ. ಎರಡು, ಗೋವಿಂದರಾಯ.

"ನಾ ಹಾಡಂಗಿಲ್ಲ. ನಾ ಕೇಳಾಂವ."

"ವೀಳ್ಯ ಹಿಡಿದೀರಂತಲ್ರಿ?"

"ಹಿಡಿದೀನಿ."

"ಮತ್ತ?"

"ಅದು ಮರ್ಯಾದಿಗೆ ಹಿಡಿದದ್ದು."

"ಮರ್ಯಾದೀದ ಮಾತ ಐತ್ರಿ ಇದು," ಎಂದು ಮಾನಪ್ಪ ನಿಂಬೆ ಸಸಿಯ ಪಕ್ಕ ಕುಳಿತು ಸಾವಕಾಶ ತಿಳಿಸಿ ಹೇಳಿದ. ವೀಳ್ಯ ಹಿಡಿದವನು ಹಾಡಲೇಬೇಕು. ಅವನ ಬಾಯಿ ಕಟ್ಟಿದರೆ ಮೇಳದ ಡಪ್ಪನ್ನು ತೆಗೆದು ಎದುರಿನವರ ಉಡಿಗೆ ಇಡಬೇಕು. ಇಟ್ಟದ್ದು ತಿರುಗಿ ಬರುವುದಿಲ್ಲ. ರೇವವ್ವನ ಪಡಸಾಲೆಯ ಗೋಡೆಗೆ ಈಗಾಗಲೇ ಮೂರು ಮೇಳದ ಡಪ್ಪುಗಳು ತೂಗುತ್ತಿವೆ. ನಾಲ್ಕನೆಯ ಮೊಳೆ ಹೊಡೆದಾಗಿದೆಯಂತೆ.

ರಾಯರು ಸಹಿ ಮಾಡಿದರು. ಬೇಡವೆಂದು ತಲೆ ಅಲ್ಲಾಡಿಸಬೇಕೆಂದಿದ್ದರು. ಆದರೆ ಎರಡು ವರ್ಷದಿಂದ ಅವರ ತಲೆಗೆ ಮೇಲೆ ಕೆಳಗೆ ಅಲ್ಲಾಡಿಯೇ ರೂಢಿಯಾಗಿತ್ತು.

ವೀಳ್ಯ ವಾಪಸು ಕೊಟ್ಟರೆ ಮುಗಿಯಿತಲ್ಲ ಎಂದು ಅವರಿಗೆ ಹೊಳೆದದ್ದು ಆಮೇಲೆ. ಮನೆಗೆ ಓಡಿದರು. ತಾಟಿನಲ್ಲಿ ತೆಂಗಿನಕಾಯಿಯೂ ಇರಲಿಲ್ಲ, ಚಟ್ನಿಯಾಗಿತ್ತು. ಪೇಟೆಯಲ್ಲಿ ಐದು ಎಲೆ, ಐದು ಅಡಿಕೆ, ಒಂದು ಕಾಯಿ ಕೊಂಡುಕೊಂಡು ಹಲಸಂಗಿಗೆ ಹೋದರು.

ಬಸಂತರಾಯ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. "ಇವು ನಾ ಕೊಟ್ಟ ಎಲಿ ಅಲ್ಲರಿ."

"ಎಲಿ ಎಲ್ಲಾ ಒಂದೇಪಾ."

"ನಾ ಕೊಟ್ಟಾವು ಎಲ್ಲಿ ಅದಾವ್ರಿ?"

"ತಿಂದಾಗ್ಯದ."

"ತಿಂದ ಮ್ಯಾಲೆ ಮುಗೀತಲ್ರಿ," ಎಂದು ಬಸಂತರಾಯ ಬಹಳ ಸಮಾಧಾನದಿಂದ ಎಲೆಗಳನ್ನು ತಿರುಗಿ ಅವರ ಚೀಲದಲ್ಲಿ ಹಾಕಿದ. ಹೊಸ ಹಾಡುಗಾರರಿಗೆ ಹೀಗೆ ಅಂಜಿಕೆಯಾಗುವುದು ಇದ್ದದ್ದೇ ಎಂದು ಅವನು ತಿಳಿದಿದ್ದ. ಒಳಗಿನಿಂದ ಡಪ್ಪು ತಂದು ಬಿಸಿಲಿಗೆ ಹಿಡಿದ. ಅದರ ಬಳೆಯ ಕಟ್ಟಿಗೆ ಹಿಡಿದು ಹಿಡಿದು ಒಂದು ಕಡೆ ಸವೆದಿತ್ತು. "ಇದು ನಮ್ಮ ಮುತ್ಯಾಂದು. ಈ ಸವದದ್ದು ಅವರ ಹೆಬ್ಬೆಟ್ಟು. ನಮ್ಮಪ್ಪ ಹೊಲಾ ಮನಿ ಬಗ್ಗೆ ಏನೂ ಹೇಳಿಲ್ಲರಿ ಸಾಯೂಮುಂದ. ಇದನ್ನ ನನ್ನ ಕೈಯಾಗ ಕೊಟ್ಟ, ಅಷ್ಟ. ನೀವು ಸಿಕ್ಕಿದ್ದಿಲ್ಲಂದ್ರ ನಾ ಹಾಡದ ಇದನ್ನ ರೇವವ್ವನ ಉಡ್ಯಾಗ ಇಟ್ಟು ಬರೂದಿತ್ತು."

ಅವನು ಒಂದು ಪೆಟ್ಟು ಹಾಕಿದ. ಡುಂ. ಬೆನ್ನಿಗೇ ತಕ್.

ಅದು ರಾಯರ ಎದೆಗೆ, ಎರಡು ವರ್ಷದ ಹಿಂದೆ ತಬ್ರೇಜನ ಅಂಗಡಿಯಲ್ಲಿ ಬಡಿದ ಜಾಗಕ್ಕೇ ಬಡಿಯಿತು. ಹಾಡಲು ಬರುವುದಿಲ್ಲ ಎಂದು ಹೇಳಲು ಬಂದವರು, ಹೇಳದೆ ಬಸ್ಸು ಹತ್ತಿದರು.

ಉಳಿದದ್ದು ಐದು ದಿನ. ನಿಂಬೆ ಸಸಿಗಳ ಮುಂದೆ ನಿಂತು ರಾಯರು ಬಾಯಿ ತೆರೆದರು. ತಲೆ ಅಲ್ಲಾಡಿತು. ಕೈ ಅಲ್ಲಾಡಿತು. ಮಾತು ಬರಲಿಲ್ಲ. ತಬ್ರೇಜನನ್ನು ಕರೆಸಿದರು.

"ತಬ್ರೇಜಾ, ಆ ಹಾಡಿನ್ಯಾಗ ಅವರು ಏನ ಅಂತಾರೋ?"

"ನೀವ ಹೇಳಬೇಕ್ರಿ ಸಾಹೇಬ್ರ. ಬುಕ್ಕಿನ್ಯಾಗ ಮಾರ್ಕ್ಸ್ ಹಾಕೀರಿ."

"ಮಾರ್ಕ್ಸ್ ತಾಳಕ್ಕ ಹಾಕಿದ್ದು."

"ನಾನೂರಾ ತೊಂಬತ್ತೊಂದು ಹಾಡು ಕೇಳೀರಿ. ಒಂದು ಮಾತೂ ತಿಳದಿಲ್ಲೇನ್ರಿ?"

"ಅಷ್ಟು ಜೋರ ಹೇಳಿದ್ರ ಯಾರಿಗೆ ತಿಳೀತದ?" ಎಂದು ರಾಯರು ಸಸಿಯ ಒಣ ಎಲೆಯೊಂದನ್ನು ಕಿತ್ತರು. ಅವರ ಮುಖ ನೋಡಿ ತಬ್ರೇಜ ನಗಲಿಲ್ಲ.

ಗಂಡಿನ ದೊಡ್ಡಸ್ತಿಕೆಯ ಬಗ್ಗೆ ಏನಾದರೂ ಸಾಮಗ್ರಿ ಸಿಕ್ಕೀತೆಂದು ರಾಯರು ಆ ಸಂಜೆ ಪಡಸಾಲೆಯಲ್ಲಿ ಕೇಳಿದರು. "ಅತ್ಯಾ, ಗಂಡಸರೊಳಗ ದೊಡ್ಡದು ಅನ್ನೋದು ಏನದ?"

ಕುಟ್ಟಾಣಿ ನಿಂತಿತು. ಸುಮೇಧಾ ಸೊಪ್ಪು ಸೋಸುವುದನ್ನು ಬಿಟ್ಟು ತಲೆ ಎತ್ತಿದಳು. ಅಂಬುಬಾಯಿ ಬಾಯಿ ತೆರೆದರು. ಇದು ತಡವಾಗುವ ಹಾಗೆ ಕಾಣುತ್ತದೆ ಎಂದುಕೊಂಡು ಗೋವಿಂದರಾಯರು ಹೆಡ್‌ಫೋನ್ ಹಾಕಿಕೊಂಡರು.

ಐತವಾರ ಮೂರು ಗಂಟೆಗೆ ಹಲಸಂಗಿಯ ಶಾಲೆಯ ಬಯಲು ತುಂಬಿತು. ಚಡಚಣದಿಂದ ಒಂದು ಟ್ರ್ಯಾಕ್ಟರು ತುಂಬ ಮಂದಿ ಬಂದಿದ್ದರು. ಮುಂದಿನ ಸಾಲಿನಲ್ಲಿ ಸುಮೇಧಾ ಮತ್ತು, ಅಳಿಯನಿಗೆ ಶಾಲು ಹೊದಿಸುವುದನ್ನು ನೋಡಲು ಬಂದಿದ್ದೇನೆ ಎಂದೇ ತಿಳಿದಿದ್ದ, ಕುಟ್ಟಾಣಿ ಸಮೇತ ಅಂಬುಬಾಯಿ. ಮೂರನೆಯ ಸಾಲಿನಲ್ಲಿ ಕೋಟು ಹಾಕಿಕೊಂಡ ಶ್ರೀವಲ್ಲಭರಾಯರು. ಅಂಬುಬಾಯಿ ಆ ಕಡೆ ತಿರುಗಿಯೂ ನೋಡಲಿಲ್ಲ. ನೋಡಿಲ್ಲ ಎಂಬುದು ಗಂಡನಿಗೆ ಗೊತ್ತಾಗಲಿ ಎಂದು ಎರಡು ಸಲ ಕತ್ತು ಅತ್ತ ತಿರುಗಿಸಿ ಇತ್ತ ಎಳೆದುಕೊಂಡರು.

ರೇವವ್ವ ನೋಡಲು ಮೊಳದುದ್ದದ ಹೆಂಗಸು. ಡಪ್ಪು ಎತ್ತಿದ ಮೇಲೆ ಹಾಗೆ ಅನ್ನಿಸಲಿಲ್ಲ. ರಾಯರ ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನನ್ನು ಒಮ್ಮೆ ನೋಡಿ, ಅಲ್ಲಿಂದಲೇ ಪದ ಎತ್ತಿಕೊಂಡಳು.

"ಕಿವಿಗೆ ಮುಚ್ಚಳ ಮುಚ್ಚಿ ಬಂದೀಯೋ, ಕೇಳುವ ಶಾಣ್ಯಾ ಅಣ್ಣಾ,
ಹಡದವ್ವ ಕರೆದ್ರ ಓ ಅನ್ನಾಂವಲ್ಲ, ದೊಡ್ಡಾಂವ ಹ್ಯಾಂಗೋ ನೀನಾ?
ಒಲಿಮುಂದ ಬೆಂದ ಕೈ ದೊಡ್ಡದೇನೋ, ತಾಟ ಮುಂದಿನ ಬಾಯಿ ದೊಡ್ಡದೇನೋ,
ಕೈಯೋ ಬಾಯೋ, ಬಾಯೋ ಕೈಯೋ, ಬಿಡಿಸಿ ಹೇಳೋ ಅಣ್ಣಾ."

ಹಿಂದಿನವರಿಬ್ಬರು ಗೀ ಗೀ ಎಂದು ಎಳೆದರು. ಮಂದಿ ಕೇಕೆ ಹಾಕಿದರು. ಎಲ್ಲರೂ ಗೋವಿಂದರಾಯರ ಕಡೆ ತಿರುಗಿದರು. ಗೋವಿಂದರಾಯರ ತಲೆ ಭರದಿಂದ ಅಲ್ಲಾಡುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವರಿಗೆ ತಾಳದ ಜೊತೆ ಮಾತೂ ತಿಳಿದಿತ್ತು. ಮುಖ ಬೆಳಗಿತ್ತು.

"ಯವ್ವಾ, ಆ ಕಡೀ ಎರಡು ಸಾಲು ಇನ್ನೊಮ್ಮೆ ಅನ್ರಿ," ಎಂದರು ಮೈಕಿನಲ್ಲಿ.

ರೇವವ್ವ ಅನುಮಾನದಿಂದ ಇನ್ನೊಮ್ಮೆ ಹಾಡಿದಳು.

"ಆ 'ಬಾಯೋ' ಅನ್ನೂಮುಂದ ಒಂದು ಚೂರು ತಡದ್ರಿ ನೋಡ್ರಿ. ಹಳೇ ಪದ್ಧತಿ ಅದು. ಇನ್ನೊಮ್ಮೆ."

ಮೂರನೆಯ ಸಲವೂ ಆಯಿತು. ಇದು ಏನೋ ಡಾವು ಇರಬೇಕು, ರೇವವ್ವನ ದಮ್ಮು ಮುಗಿಸುವ ಹುನ್ನಾರ ಎಂದು ಚಡಚಣದವರು ಮಾತಾಡಿಕೊಂಡರು. ಬಸಂತರಾಯನೂ ಹಾಗೇ ನಂಬಿದ್ದ. ನಾಲ್ಕನೆಯ ಸಲ ಕೇಳಿದಾಗ ರೇವವ್ವ ಡಪ್ಪು ಇಳಿಸಿದಳು.

"ರಾಯರ, ಜವಾಬ ಹೇಳ್ತೀರೋ, ಡಪ್ಪ ಇಡ್ತೀರೋ?"

ರಾಯರ ತಲೆ ನಿಂತಿತು. ಬಾಯಿ ತೆರೆಯಿತು, ಮುಚ್ಚಿತು. ಬಸಂತರಾಯ ಡಪ್ಪನ್ನು ಎದೆಗೆ ಒತ್ತಿ ಹಿಡಿದುಕೊಂಡ. ಅವನ ಹೆಬ್ಬೆಟ್ಟು ಮುತ್ಯಾನ ಸವೆತದೊಳಗೆ ಸರಿಯಾಗಿ ಕೂತಿತ್ತು. ರಾಯರು ಅದನ್ನು ನೋಡಿದರು, ಬೇರೆ ಕಡೆ ನೋಡಿದರು.

"ವೀಳ್ಯ ತಿಂದ ಬಾಯಿ ಹೌದಲ್ರಿ ಅದು?" ಎಂದಳು ರೇವವ್ವ.

ಸುಳ್ಳು ಹೇಳುವ ಧೈರ್ಯವೂ ಇರದ ಗೋವಿಂದರಾಯರು ನಿಜ ಹೇಳಿಬಿಟ್ಟರು. "ಹಿಡಿದದ್ದು ನಾನ್ರಿ. ತಿಂದದ್ದು ನಮ್ಮ ಅತ್ಯಾ."

ಐದು ಮಂದಿ ಹಿರಿಯರು ಸ್ಟೇಜಿನ ಮೂಲೆಯಲ್ಲಿ ತಲೆ ಕೂಡಿಸಿದರು. ಮುನ್ನೂರು ಮೇಳ ನೋಡಿದವರಿಗೂ ಇದು ಹೊಸದು. ಹಿಡಿದ ಕೈಗೆ ಕಟ್ಟೋ, ತಿಂದ ಬಾಯಿಗೆ ಕಟ್ಟೋ? ರೇವವ್ವನ ಸವಾಲೇ ತಿರುಗಿ ಬಂದು ಅವರ ಕೊರಳಿಗೆ ಸುತ್ತಿಕೊಂಡಂತಾಯಿತು. ಕಡೆಗೆ ಅವರಲ್ಲಿ ಎಲ್ಲರಿಗಿಂತ ಮುದುಕನಾದವನು ಎದ್ದು ಹೇಳಿದ. "ಹಾಡೂದು ಬಾಯಿ, ಕೈ ಅಲ್ಲ. ತಿಂದ ಬಾಯಿ ಹಾಡಲಿ."

ಅಂಬುಬಾಯಿಗೆ ಏನಾಗುತ್ತಿದೆ ಎಂಬುದೇ ತಿಳಿಯಲಿಲ್ಲ. ಶಾಲಿಲ್ಲ, ಹಾರವಿಲ್ಲ, ಯಾರೋ ಒಬ್ಬಾಕೆ ಅಳಿಯನಿಗೆ ಅಷ್ಟು ಹೊತ್ತಿನಿಂದ ಬೈಯುತ್ತಿದ್ದಾಳೆ, ಈಗ ಊರೆಲ್ಲ ತನ್ನ ಕಡೆ ನೋಡುತ್ತಿದೆ. ಏಳುತ್ತಿದ್ದರೋ ಇಲ್ಲವೋ. ಆದರೆ ಮೂರನೆಯ ಸಾಲಿನಲ್ಲಿ ಶ್ರೀವಲ್ಲಭರಾಯರು ಕೋಟು ಸರಿಮಾಡಿಕೊಂಡು ಎದ್ದು ನಿಂತರು.

"ನಮ್ಮ ಮನಿಯಾಕಿ ಸ್ಟೇಜ್ ಹತ್ತಂಗಿಲ್ಲ."

ಅಂಬುಬಾಯಿ ಈಗ ತಿರುಗಿ ನೋಡಿದರು. "ಯಾರು ಹತ್ತಂಗಿಲ್ಲ ಅಂದದ್ದು?"

"ನಾನು."

"ಸುಮೇಧಾ, ಕೈ ಹಿಡಿ," ಎಂದು ಅಂಬುಬಾಯಿ ಒಂದು ಕೈಯಲ್ಲಿ ಅವಳ ಕೈ, ಒಂದು ಕೈಯಲ್ಲಿ ಕುಟ್ಟಾಣಿ ಹಿಡಿದು ಮೆಟ್ಟಿಲು ಹತ್ತಿದರು. ಮೈಕಿನ ಮುಂದೆ ಕುಳಿತು, ರೂಢಿಯಂತೆ ಎರಡು ಸಲ ಕುಟ್ಟಿದರು. ಟಣ್ ಟಣ್. ನೋಡಿದ್ದು ರೇವವ್ವನ ಕಡೆಗಲ್ಲ, ಮೂರನೆಯ ಸಾಲಿನ ಕಡೆಗೆ.

"ಹದಿನೆಂಟಕ ಬಂದೆ, ಹೊಸಲ ದಾಟಿದೆ, ಹಿತ್ತಲ ಬಾಗಲ ತೋರ್ಸಿದ್ರಿ,
ಉಪ್ಪು ಹೆಚ್ಚಂದ್ರಿ, ಖಾರ ಕಮ್ಮಂದ್ರಿ, ತಾಟು ಮಾತ್ರ ಬಳದಿದ್ರಿ,
ಕೂತಲ್ಲೆ ಚಹಾ ಬಂತು, ಕೂತಲ್ಲೆ ಕುಡದ್ರಿ, ಕೂತಲ್ಲೆ ಕಪ್ಪು ಬಿಟ್ರಿ,
ಮನಿಯೆಲ್ಲ ಹುಡುಕ್ಸಿ, ಚಷ್ಮಾ ನೋಡಿದ್ರ ಹಣಿಮ್ಯಾಲೆ ಇಟಗೊಂಡಿದ್ರಿ,
ಅವ್ವನ ಕೈರುಚಿಗೆ ಹತ್ರ ಬಂತಂತ ನಾಕು ಮಂದ್ಯಾಗ ಅಂದ್ರಿ,
ಹತ್ರ ಬರ್ಲಿಕ್ಕೆ ಅರವತ್ತು ಆತು, ಮುಟ್ಟೂದು ಯಾವಾಗ ಅಂದ್ರಿ?"

ಎರಡನೆಯ ಸಾಲಿಗೆ ಗೋವಿಂದರಾಯರ ತಲೆ ಅಲ್ಲಾಡತೊಡಗಿತು. ಅದನ್ನೇ ನೋಡುತ್ತಿದ್ದ ಬಸಂತರಾಯನಿಗೆ ತಾಳ ಸಿಕ್ಕಿತು, ಡಪ್ಪು ಕುಟ್ಟಾಣಿಯ ಕೆಳಗೆ ಸೇರಿಕೊಂಡಿತು. ಟಣ್ ಡುಂ, ಟಣ್ ತಕ್. ಅಂಬುಬಾಯಿ ಬಾಣಂತನಗಳಿಗೆ ಬಂದರು, ನಾದಿನಿಯರ ಮದುವೆಗಳಿಗೆ ಬಂದರು, ಮಾರಿದ ಎಮ್ಮೆಗೆ ಬಂದರು. ಉಸಿರು ಎಲ್ಲಿ ತೆಗೆದುಕೊಂಡರೋ ಯಾರಿಗೂ ಕಾಣಿಸಲಿಲ್ಲ. ರಾಯರು ಕೊರಳಿನ ಹೆಡ್‌ಫೋನ್ ತೆಗೆದು ನೆಲಕ್ಕೆ ಇಟ್ಟರು. ಮೂರು ತಿಂಗಳು ದಿನಾ ಸಂಜೆ ಇದೇ ಬಾಯಿಯ ಎದುರಿಗೆ ಕುಳಿತಿದ್ದೆ ಎಂಬುದು ಲೆಕ್ಕಕ್ಕೆ ಬಂದು, ಕೂಡಿಸಲಾರದೆ ಬಿಟ್ಟರು.

ಮುಕ್ಕಾಲು ತಾಸಿನ ಮೇಲೆ ಅಂಬುಬಾಯಿ ಕುಟ್ಟಿದ ಎಲೆಯನ್ನು ಬಾಯಿಗೆ ಹಾಕಿಕೊಂಡರು. ಸರದಿ ರೇವವ್ವನದು.

ರೇವವ್ವ ಡಪ್ಪು ಎತ್ತಿದಳು. ಬಾಯಿ ತೆರೆದಳು. ಆಮೇಲೆ ನಿಧಾನವಾಗಿ ಡಪ್ಪು ಕೆಳಗಿಟ್ಟಳು. ಹರದೇಶಿ ಕಡೆಯಿಂದ ಕೂತ ಅಂಬುಬಾಯಿಯೇ ಹೆಣ್ಣಿನ ಪರವಾಗಿ ಹಾಡಿ ಕುಳಿತಿದ್ದರು. ಇದಕ್ಕೆ ಜವಾಬು ಕೊಡಬೇಕೆಂದರೆ ರೇವವ್ವ ಗಂಡಸರನ್ನು ಹೊಗಳಬೇಕು. ನಲವತ್ತು ವರ್ಷ ಹಾಡಿದ ನಾಗೇಶಿಯ ಬಾಯಲ್ಲಿ ಅಂಥದ್ದೊಂದು ಮಾತೂ ಇರಲಿಲ್ಲ.

"ಅಕ್ಕಾ, ನನ್ನ ಪದಾ ನೀನ ಹಾಡಿದ ಮ್ಯಾಲೆ ನಾ ಏನ ಹಾಡ್ಲಿ?" ಎಂದಳು.

ಆಗ ಎದ್ದ ಗೊಂದಲ ಹಲಸಂಗಿಯಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ. ರೇವವ್ವನ ಬಾಯಿ ಕಟ್ಟಿತು, ಆದ್ದರಿಂದ ಗೆದ್ದವರು ಹರದೇಶಿಯವರು. ಆದರೆ ಹರದೇಶಿಯವರು ಹಾಡಿದ್ದೇ ಹೆಣ್ಣು ದೊಡ್ಡವಳು ಎಂದು, ಆದ್ದರಿಂದ ಗೆದ್ದದ್ದು ನಾಗೇಶಿ. ಹಿರಿಯರು ಐದು ಮಂದಿ, ಅಭಿಪ್ರಾಯ ಆರು. ಸೋತವರ ಡಪ್ಪು ಎಂದು ರೇವವ್ವ ತನ್ನದನ್ನು ಮುಂದೆ ಸರಿಸಿದಳು. ಗೆದ್ದೆ ಎಂದು ಎತ್ತಿಕೊಳ್ಳಲು ಬಸಂತರಾಯನಿಗೆ ಕೈ ಬರಲಿಲ್ಲ. ಅವನೂ ತನ್ನದನ್ನು ಅದರ ಪಕ್ಕ ಇಟ್ಟ. ಎರಡು ಡಪ್ಪು ನಡುವೆ ಬಿದ್ದವು, ಯಾರೂ ಮುಟ್ಟಲಿಲ್ಲ. ಹವಾಲ್ದಾರ ಮಾನಪ್ಪ ಗಡಿಯಾರ ನೋಡಿದ. ಆರಕ್ಕೆ ಹತ್ತು ನಿಮಿಷ. ಅವನ ಕಾಗದದಲ್ಲಿ 'ಗೆದ್ದವರು' ಎಂಬ ಕಾಲಂ ತುಂಬುವುದಿತ್ತು. ಬಹಳ ಯೋಚಿಸಿ 'ಮುಗಿಯಿತು' ಎಂದು ಬರೆದ.

"ಇದೇನ ಹಿಂಗ ಇಟ್ಟೀರಿ?" ಎಂದು ಅಂಬುಬಾಯಿ ಮೈಕಿನಲ್ಲಿ ಕೇಳಿದರು. "ತಮ್ಮ ತಮ್ಮ ಸಾಮಾನು ತಗೊಂಡು ಎದ್ದೇಳ್ರಿ. ಕತ್ತಲ ಆಗ್ತದ, ಬಸ್ ಸಿಗಂಗಿಲ್ಲ."

ಇಬ್ಬರೂ ತಮ್ಮ ತಮ್ಮದನ್ನು ಎತ್ತಿಕೊಂಡರು.

ಮೆಟ್ಟಿಲ ಕೆಳಗೆ ಶ್ರೀವಲ್ಲಭರಾಯರು ನಿಂತಿದ್ದರು. "ಚಷ್ಮಾ ಹಣಿಮ್ಯಾಲೆ ಇಟ್ಟದ್ದು ಒಂದೇ ಸಲ," ಎಂದರು.

"ಪದಕ್ಕ ಹೊಂದಬೇಕಲ್ಲ," ಎಂದರು ಅಂಬುಬಾಯಿ. ಆಮೇಲೆ, ಇಳಿಯಲು ಅವರು ಚಾಚಿದ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಹಿಡಿಯಲು ಕುಟ್ಟಾಣಿ ಕೊಟ್ಟರು.

ಮನೆಗೆ ಬಂದು ರಾಯರು ಬುಕ್ಕು ತೆರೆದರು. ಹತ್ತಕ್ಕೆ ಹತ್ತು ಎಂಬುದು ನಿರ್ಧಾರವಾಗಿತ್ತು. ಎಲ್ಲಿ ಬರೆಯುವುದು ಎಂಬುದೇ ತಿಳಿಯಲಿಲ್ಲ. ಹಾಡಿದವರಿಗೆ ಎಪ್ಪತ್ತೆಂಟು ವರ್ಷ, ಹಾಡು ಆ ಮಧ್ಯಾಹ್ನ ಹುಟ್ಟಿದ್ದು. ಹಳೇದಕ್ಕೂ ಹೊಸದಕ್ಕೂ ನಡುವಿನ ಗೆರೆಯ ಮೇಲೇ ಬರೆದರು. ಗೆರೆ ಕಾಣದಂತಾಯಿತು.

ಎರಡು ದಿನದ ಮೇಲೆ ಬಸಂತರಾಯ ಮತ್ತೆ ಬಂದ. ಕೈಯಲ್ಲಿ ತಾಟು. ಅವನನ್ನು ಓಣಿಯ ತಿರುವಿನಲ್ಲಿ ಕಂಡ ಕೂಡಲೇ ಗೋವಿಂದರಾಯರು ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಲ್ಲು ಬಿಗಿ ಹಿಡಿದರು. ಈ ಸಲ ಯಾರು ಏನು ಕೊಟ್ಟರೂ ಮುಟ್ಟಬಾರದು.

"ಒಂದೀಟು ಸರೀರಿ ರಾಯರ, ಬಾಗಲದಾಗ ನಿಂತೀರಿ," ಎಂದು ಬಸಂತರಾಯ ಅವರನ್ನು ದಾಟಿ ಒಳಗೆ ಹೋದ. ಪಡಸಾಲೆಯಲ್ಲಿ ಟ್ರಂಕಿನ ಪಕ್ಕ ಕುಳಿತಿದ್ದ ಅಂಬುಬಾಯಿಯ ಮುಂದೆ ತಾಟು ಇಟ್ಟ.

"ಅವ್ವಾರ, ಮುಂದಿನ ತಿಂಗಳು ಮುದ್ದೇಬಿಹಾಳದಾಗ ಐತ್ರಿ. ಒಂದ ವಿನಂತಿ. ಈ ಸಲ ಗಂಡಸರ ಕಡೀಂದ ಹಾಡ್ರಿ."

ಅಂಬುಬಾಯಿ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನೋಡೋಣಂತ. ನಾಳೆ ಸಿಂದಗಿಗೆ ಹೊಂಟೀನಿ. ಅಲ್ಲಿ ಗಂಡಸರು ಹ್ಯಾಂಗಿರ್ತಾರ, ಅದರ ಮ್ಯಾಲೆ ಅದ."

ಬಸಂತರಾಯ ಹೊರಡುವಾಗ ಬಾಗಿಲಲ್ಲಿ ತಿರುಗಿದ. "ರಾಯರ, ನೀವೂ ಬರಬೇಕ್ರಿ."

ರಾಯರ ಕೈ ಬೆನ್ನ ಹಿಂದೆ ಇನ್ನಷ್ಟು ಬಿಗಿಯಾಯಿತು. "ನಾ ಯಾಕಪಾ?"

"ತಲಿ ಅಲ್ಲಾಡ್ಸಾಕ್ರಿ. ನಿಮ್ಮ ತಲಿ ಮುಂದ ಇದ್ದರ ನನ್ನ ತಾಳ ತಪ್ಪಂಗಿಲ್ಲ."

ಇದು ಮರ್ಯಾದೆಯೋ, ಮರ್ಯಾದೆ ತೆಗೆಯುವುದೋ? ಬರೀ ಬಾಯಿಮಾತೋ, ಎಲೆ-ಅಡಿಕೆಯಿಲ್ಲದೆಯೇ ಎಲ್ಲಿಗಾದರೂ ಕಟ್ಟು ಬೀಳುತ್ತಿದ್ದೇನೆಯೋ? ಗೋವಿಂದರಾಯರು ಬಹಳ ಹೊತ್ತು ಯೋಚಿಸಿದರು, ತಿಳಿಯಲಿಲ್ಲ. ಒಳಗೆ ಕುಟ್ಟಾಣಿ ಶುರುವಾಯಿತು. ಅವರು ತಲೆ ಅಲ್ಲಾಡಿಸಿದರು.